ಅಂಕಪಟ್ಟಿಯ ಜತೆ ಮನೆಗೆ ಹೋದ ಪೆಟ್ಟು: ಕೊಡಗಿನ ಒಂದು ಪ್ರಕರಣ ಅಧ್ಯಯನ

ಉತ್ತರ ಕೊಡಗಿನ ಕಾಫಿ ತೋಟವೊಂದರ ಲೈನ್‌ಮನೆಯಲ್ಲಿ, ಅಂದರೆ ಕೆಲಸಗಾರರಿಗೆ ತೋಟದವರು ಕೊಟ್ಟ ಸಾಲುಮನೆಯಲ್ಲಿ ಬೆಳೆಯುತ್ತಿದ್ದ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ 7ನೇ ತರಗತಿಯಲ್ಲಿ ಓದುತ್ತಿದ್ದ 12 ವರ್ಷದ ಬಾಲಕನೊಬ್ಬನ ಪ್ರಕರಣವಿದು. ಆಪ್ತಸಮಾಲೋಚಕಿಯಾಗಿ ನಾನು ಈ ಕುಟುಂಬದೊಂದಿಗೆ ಹತ್ತು ತಿಂಗಳು ಒಡನಾಡಿದೆ. ಮಗುವಿನ ಗುರುತು ಬಿಟ್ಟುಕೊಡುವ ಹೆಸರು, ವಿಳಾಸ, ಶಾಲೆ ಯಾವುದನ್ನೂ ಪ್ರಕಟಿಸಬಾರದೆಂದು ಬಾಲನ್ಯಾಯ ಕಾಯ್ದೆ 2015ರ 74ನೇ ಕಲಂ ವಿಧಿಸುತ್ತದೆ. ಆದ್ದರಿಂದ ಇಲ್ಲಿ ಯಾರ ಹೆಸರೂ ಇಲ್ಲ; ಇಂಥದೇ ಬೇರೆ ಮನೆಗಳಲ್ಲಿ ಕಂಡದ್ದನ್ನೂ ಸೇರಿಸಿ, ಗುರುತು ಹತ್ತದಂತೆ ವಿವರಗಳನ್ನು ಬದಲಿಸಿದ್ದೇನೆ. ಇದನ್ನು ಬರೆದಿಡಲು ಕಾರಣ ಒಂದೇ. ಈ ಬಾಲಕನಿಗೆ ಬಿದ್ದ ಪೆಟ್ಟುಗಳಲ್ಲಿ ಹೆಚ್ಚಿನವು ಶಾಲೆಯಿಂದ ಮನೆಗೆ ಹೋದ ಒಂದೊಂದು ದೂರಿನ ಬೆನ್ನಿಗೇ ಬಿದ್ದಿದ್ದವು. ದೂರು ಕಳುಹಿಸಿದವರಿಗೆ ಅದು ಮನೆ ತಲುಪಿದ ಮೇಲೆ ಏನಾಗುತ್ತದೆಂದು ಗೊತ್ತಿರಲಿಲ್ಲ, ಕೇಳಬೇಕೆಂದು ತೋಚಿರಲೂ ಇಲ್ಲ.

ಬೆಳಕಿಗೆ ಬಂದ ಬಗೆ

ಆಗಸ್ಟ್ ತಿಂಗಳು. ಕೊಡಗಿನಲ್ಲಿ ಮಳೆ ಹಿಡಿಯಿತೆಂದರೆ ಮಕ್ಕಳು ಸ್ವೆಟರ್ ತೊಟ್ಟೇ ಶಾಲೆಗೆ ಬರುತ್ತಾರೆ, ಸಂಜೆಯವರೆಗೂ ಅದನ್ನು ಬಿಚ್ಚದೆ ಕೂರುತ್ತಾರೆ. ಅದರಡಿ ಏನಿದೆಯೆಂದು ಯಾರಿಗೂ ಕಾಣುವುದಿಲ್ಲ. ಮೂರು ದಿನ ಗೈರುಹಾಜರಾಗಿ ನಾಲ್ಕನೆಯ ದಿನ ಬಂದ ಬಾಲಕ ದಾರಿಯಲ್ಲಿ ತೊಯ್ದು ತೊಪ್ಪೆಯಾಗಿದ್ದ. ‘ಜ್ವರ’ ಎಂದು ತಾಯಿ ಬರೆಸಿಕೊಟ್ಟ ರಜಾಚೀಟಿ ಅವನ ಜೇಬಿನಲ್ಲೇ ಒದ್ದೆಯಾಗಿತ್ತು. ಬಿಸಿಯೂಟದ ಅಡುಗೆಯಾಕೆ, ಸ್ವೆಟರ್ ಬಿಚ್ಚಿಕೊಟ್ಟರೆ ಅಡುಗೆ ಕೋಣೆಯ ಬಿಸಿಗೆ ಒಣಹಾಕುತ್ತೇನೆಂದರೆ ಅವನು ಒಲ್ಲೆನೆಂದ. ನಡುಗುತ್ತಿದ್ದವನನ್ನು ನೋಡಲಾರದೆ ಆಕೆ ತಾನೇ ಸ್ವೆಟರ್ ಎಳೆದು ತೆಗೆದಾಗ ಒಳಗಿನ ಅಂಗಿಯೂ ಮೇಲೆ ಸರಿದು ಬೆನ್ನು ಕಂಡಿತು. ಹಳೆಯ ಬಾಸುಂಡೆಗಳು ಹಳದಿಗೆ ತಿರುಗಿದ್ದವು, ಹೊಸವು ಕಪ್ಪಾಗಿದ್ದವು. ಕಾಫಿ ಗಿಡದ ಬುಡದಿಂದ ನೆಟ್ಟಗೆ ಏಳುವ ಚಿಗುರುಕೋಲಿನ ಗುರುತುಗಳವು. ತೋಟದಲ್ಲಿ ಕೆಲಸ ಮಾಡಿದ ಯಾರಿಗೂ ಆ ಕೋಲಿನ ಬಾಗು ಗೊತ್ತು.

ಅಡುಗೆಯಾಕೆಗೆ ಇದು ಹೊಸ ಸುದ್ದಿಯೇನೂ ಆಗಿರಲಿಲ್ಲ. ಆಕೆಯ ಮನೆ ಅದೇ ಲೈನಿನಲ್ಲಿ, ಬಾಲಕನ ಮನೆಗೆ ತಾಗಿಕೊಂಡೇ ಇತ್ತು. “ಕೇಳಿಸ್ತಾ ಇತ್ತು ಮೇಡಂ, ಗೋಡೆ ಒಂದೇ ಅಲ್ವಾ. ಆದರೆ ಹುಡುಗನ ಅಪ್ಪ ರೈಟರ್. ನಮ್ಮ ಯಜಮಾನರ ಹಾಜರಿ ಹಾಕೋದು ಅವರೇ,” ಎಂದು ನಂತರ ನನ್ನ ಮುಂದೆ ಹೇಳಿದರು. ತೋಟದಲ್ಲಿ ರೈಟರ್ ಎಂದರೆ ಆಳುಗಳ ಲೆಕ್ಕ, ಹಾಜರಿ, ಕೊಯ್ದ ಕಾಫಿಯ ತೂಕ ಬರೆಯುವವರು. ಅವರು ಬರೆದದ್ದೇ ಕೂಲಿ. ನೆರೆಯವರು ಮೌನವಾಗಿದ್ದುದಕ್ಕೆ ಮರುಕವಿಲ್ಲದಿರುವುದು ಕಾರಣವಲ್ಲವೆಂದು ಹೇಳುವುದು ನನಗೆ ಮುಖ್ಯವೆನಿಸುತ್ತದೆ. ಹೊಡೆಯುತ್ತಿದ್ದ ಕೈಯೇ ಅವರ ವಾರದ ಬಟವಾಡೆಯನ್ನು ನಿರ್ಧರಿಸುತ್ತಿತ್ತು.

ಮುಖ್ಯೋಪಾಧ್ಯಾಯರ ಮೊದಲ ಯೋಚನೆ ತಂದೆಯನ್ನು ಮತ್ತೆ ಶಾಲೆಗೆ ಕರೆಸಿ ಎಚ್ಚರಿಸುವುದಾಗಿತ್ತು. ಅದನ್ನು ತಡೆದವರು ಅಡುಗೆಯಾಕೆ. “ಕರೆಸಬೇಡಿ ಸಾರ್, ಕರೆಸಿದ್ದಕ್ಕೇ ಇದು ಆಗಿರೋದು” ಎಂದರು. ಆ ಮಾತನ್ನು ಕೇಳಿಸಿಕೊಂಡ ಮುಖ್ಯೋಪಾಧ್ಯಾಯರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರು.

ದೂರಿನ ದಾರಿ

ತರಗತಿ ಶಿಕ್ಷಕಿ ಕಾಳಜಿಯುಳ್ಳವರು. ಹಿಂದಿನ ವರ್ಷದ ಕೊನೆಯಿಂದ ಈ ಹುಡುಗ ಪಾಠದ ಕಡೆ ಗಮನ ಕೊಡುತ್ತಿಲ್ಲ, ಹೆಸರು ಕರೆದರೆ ತಿರುಗುವುದಿಲ್ಲ, ಉಕ್ತಲೇಖನದಲ್ಲಿ ತೀರಾ ಹಿಂದೆ ಬಿದ್ದಿದ್ದಾನೆ ಎಂಬುದನ್ನು ಅವರು ಗಮನಿಸಿದ್ದರು. ಗಮನಿಸಿದ್ದನ್ನು ಪೋಷಕರಿಗೆ ತಿಳಿಸುವುದು ತಮ್ಮ ಕರ್ತವ್ಯವೆಂದು ನಂಬಿ ತಂದೆಯ ಫೋನಿಗೆ ವಾಟ್ಸಾಪ್ ಸಂದೇಶ ಕಳುಹಿಸುತ್ತಿದ್ದರು: ಮನೆಗೆಲಸ ಮಾಡಿಲ್ಲ, ಪುಸ್ತಕ ತಂದಿಲ್ಲ, ಕಿರುಪರೀಕ್ಷೆಯಲ್ಲಿ ಇಷ್ಟೇ ಅಂಕ. ಆ ವರ್ಷದ ಮೊದಲ ರೂಪಣಾತ್ಮಕ ಮೌಲ್ಯಮಾಪನದ ಅಂಕಪಟ್ಟಿಗೆ ಸಹಿ ಹಾಕಿಸಿಕೊಂಡು ಬರಲು ಹೇಳಿದಾಗ ಹುಡುಗ ತಂದೆಯ ಸಹಿಯನ್ನು ತಾನೇ ಹಾಕಿ ತಂದ. ಶಿಕ್ಷಕಿಗೆ ಅದು ಸುಳ್ಳು ಹೇಳುವ ಚಾಳಿಯ ಆರಂಭವಾಗಿ ಕಂಡಿತು. ತಂದೆಯನ್ನು ಕರೆಸಿ, ಮಗನನ್ನು ಎದುರಿಗೇ ನಿಲ್ಲಿಸಿಕೊಂಡು, ನಕಲಿ ಸಹಿಯನ್ನು ತೋರಿಸಿದರು. ತಂದೆ ಶಾಲೆಯಲ್ಲಿ ಒಂದು ಮಾತೂ ಆಡದೆ, ಕೈಮುಗಿದು, ಹುಡುಗನನ್ನು ಕರೆದುಕೊಂಡು ಹೋದರು. ಮೂರು ದಿನಗಳ ‘ಜ್ವರ’ ಶುರುವಾದದ್ದು ಆ ಸಂಜೆ.

ನಾನು ಶಿಕ್ಷಕಿಯ ಫೋನಿನಲ್ಲಿದ್ದ ಸಂದೇಶಗಳ ದಿನಾಂಕಗಳನ್ನೂ ಹಾಜರಿ ಪುಸ್ತಕವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಎಂಟು ತಿಂಗಳಲ್ಲಿ ಹೋದ ಹನ್ನೊಂದು ಸಂದೇಶಗಳಲ್ಲಿ ಏಳರ ಮರುದಿನ ಹುಡುಗ ಗೈರುಹಾಜರಾಗಿದ್ದ. ಆ ಪಟ್ಟಿ ನೋಡಿ ಶಿಕ್ಷಕಿ ಬಹಳ ಹೊತ್ತು ಅತ್ತರು. ಅವರನ್ನು ತಪ್ಪಿತಸ್ಥರ ಸ್ಥಾನದಲ್ಲಿ ನಿಲ್ಲಿಸುವುದು ನನ್ನ ಉದ್ದೇಶವಲ್ಲ, ದೂರು ಕಳುಹಿಸುವ ಮೊದಲು “ಇದನ್ನು ನೋಡಿದರೆ ಮನೆಯಲ್ಲಿ ಏನಾಗುತ್ತೆ ಮಗಾ?” ಎಂಬ ಒಂದು ಪ್ರಶ್ನೆಯನ್ನು ಮಗುವಿಗೆ ಕೇಳಬೇಕೆಂದು ಯಾವ ತರಬೇತಿಯಲ್ಲೂ ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ನಕಲಿ ಸಹಿ ಕೂಡ ಬೇರೆಯದೇ ಮಾತನ್ನು ಹೇಳುತ್ತಿತ್ತು. ಸಹಿಯನ್ನು ತಾನೇ ಹಾಕುವಷ್ಟು ಹೆದರಿದ ಮಗು ಯಾವುದಕ್ಕೆ ಹೆದರಿದೆ ಎಂದು ಕೇಳಿದ್ದರೆ ಉತ್ತರ ಅಂದೇ ಸಿಗುತ್ತಿತ್ತು.

ಮನೆ

ತಂದೆಗೆ 41 ವರ್ಷ. ಪಿಯುಸಿ ಮುಗಿಸಿ, ಹಾಸನ ಜಿಲ್ಲೆಯಿಂದ ಬಂದು ತೋಟ ಸೇರಿದವರು. ಮೇಸ್ತ್ರಿಯ ಕೈಕೆಳಗೆ ದುಡಿದು ರೈಟರ್ ಆದದ್ದು ಅವರ ಬದುಕಿನ ದೊಡ್ಡ ಗೆಲುವು. ತಾಯಿ ಅದೇ ತೋಟದಲ್ಲಿ ಮಳೆಗಾಲಕ್ಕೆ ಕಳೆ ತೆಗೆಯುವ, ಕೊಯ್ಲಿನಲ್ಲಿ ಕಾಫಿ ಬಿಡಿಸುವ ಕೆಲಸಕ್ಕೆ ಹೋಗುತ್ತಾರೆ. ಬಾಲಕನ ತಂಗಿಗೆ ಎಂಟು ವರ್ಷ. ಅವಳ ಮೇಲೆ ಯಾರೂ ಕೈ ಮಾಡಿಲ್ಲ.

ತಂದೆಯ ಆಸೆ ಕೂಡಿಗೆಯಲ್ಲಿರುವ ಸೈನಿಕ ಶಾಲೆಯದಾಗಿತ್ತು. ಕೊಡಗಿನ ಮಟ್ಟಿಗೆ ಸೇನೆಯೆಂದರೆ ಮಾನ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು, ಜನರಲ್ ತಿಮ್ಮಯ್ಯನವರು ಹುಟ್ಟಿದ ನಾಡಿದು. 2007ರಲ್ಲಿ ಆರಂಭವಾದ ಆ ಶಾಲೆಗೆ 6ನೇ ತರಗತಿಯ ಪ್ರವೇಶ ಪರೀಕ್ಷೆ ಬರೆಸಿದರೆ ಲೈನ್‌ಮನೆಯ ಹುಡುಗನೂ ಅಧಿಕಾರಿಯಾಗಬಹುದೆಂದು ಅವರು ಲೆಕ್ಕ ಹಾಕಿದ್ದರು. ತೋಟದ ಆಫೀಸಿನಿಂದ ಮುಂಗಡ ತೆಗೆದು ಕೋಚಿಂಗ್‌ಗೆ ಕಟ್ಟಿದರು. ಹುಡುಗನಿಗೆ ಸೀಟು ಸಿಗಲಿಲ್ಲ. ಮುಂಗಡ ಮಾತ್ರ ತಿಂಗಳು ತಿಂಗಳು ಸಂಬಳದಿಂದ ಕಡಿತವಾಗುತ್ತಲೇ ಇತ್ತು, ಮತ್ತು ಕಡಿತವಾದ ಪ್ರತಿ ತಿಂಗಳೂ ಆ ಸೋಲು ಮನೆಯಲ್ಲಿ ಹೊಸದಾಗುತ್ತಿತ್ತು. “ನಿನ್ನ ಮೇಲೆ ಹಾಕಿದ ದುಡ್ಡನ್ನ ತಿಪ್ಪೆಗೆ ಸುರಿದಿದ್ರೆ ಗೊಬ್ಬರವಾದ್ರೂ ಆಗ್ತಿತ್ತು”, “ಮೂಟೆ ಹೊರೋದಕ್ಕೇ ಹುಟ್ಟಿದೋನು” ಎಂಬ ಮಾತುಗಳನ್ನು ಹುಡುಗ ನನಗೆ ಹೇಳುವಾಗ ಅವನ ದನಿಯಲ್ಲಿ ದುಃಖವಿರಲಿಲ್ಲ. ಪಾಠ ಒಪ್ಪಿಸುವವನಂತೆ ಒಪ್ಪಿಸಿದ. ಒಮ್ಮೆ ಕೊಯ್ಲಿನ ಹೊತ್ತಿನಲ್ಲಿ ಕಾಫಿ ಒಣಗಿಸುವ ಕಣದಲ್ಲಿ, ಆಳುಗಳೆಲ್ಲ ನೋಡುತ್ತಿರುವಂತೆ, ತಂದೆ ಅವನನ್ನು ಮಂಡಿಯೂರಿಸಿ ಕೂರಿಸಿದ್ದರು. “ಹೊಡೆದಿದ್ದು ನಾಲ್ಕು ದಿನಕ್ಕೆ ಹೋಗುತ್ತೆ. ಕಣದಲ್ಲಿ ಎಲ್ಲರೂ ನೋಡಿದ್ದು ಹೋಗಲ್ಲ,” ಎಂದ. ಮಾತಿನ ಹಿಂಸೆಯನ್ನು ದೈಹಿಕ ಹಿಂಸೆಗಿಂತ ಸಣ್ಣದೆಂದು ಎಣಿಸುವವರಿಗೆ ಕೊಡಲು ನನ್ನ ಬಳಿ ಇದಕ್ಕಿಂತ ನಿಖರವಾದ ಉತ್ತರವಿಲ್ಲ.

ಇಂಥ ಪ್ರಕರಣ ಹೇಳಿದಾಗಲೆಲ್ಲ ಕೇಳುವವರು ಮೊದಲು ಕೇಳುವುದು “ಕುಡಿಯುತ್ತಾನಾ?” ಎಂದು. ತಂದೆ ಭಾನುವಾರಗಳಲ್ಲಿ ಕುಡಿಯುತ್ತಿದ್ದರು, ನಿಜ. ಆದರೆ ಹುಡುಗ ನೆನಪಿಸಿಕೊಂಡ ದೊಡ್ಡ ಪೆಟ್ಟುಗಳಲ್ಲಿ ಒಂದೂ ಕುಡಿದ ದಿನದ್ದಲ್ಲ. ಎಲ್ಲವೂ ಸಂದೇಶ ಬಂದ ದಿನದವು. ಹೆಂಡದ ಮೇಲೆ ಎಲ್ಲವನ್ನೂ ಹೊರಿಸಿದರೆ ಹೊಡೆಯುವವನಿಗೂ ಊರಿಗೂ ಅನುಕೂಲವಾಗುತ್ತದೆ, ಹಗಲಲ್ಲಿ ಸ್ವಸ್ಥಚಿತ್ತದಿಂದ ಕೋಲು ಆರಿಸುವ ಕೈ ಮರೆಯಾಗುತ್ತದೆ.

ತಾಯಿಯ ಪಾತ್ರವನ್ನೂ ಮುಚ್ಚಿಡುವಂತಿಲ್ಲ. ಹೊಡೆದ ರಾತ್ರಿ ಉಪ್ಪಿನ ಶಾಖ ಕೊಟ್ಟು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದವರು ಅವರೇ. ಬೆಳಿಗ್ಗೆ ತುಂಬುತೋಳಿನ ಅಂಗಿ ಹುಡುಕಿ ತೊಡಿಸುತ್ತಿದ್ದವರೂ, ಶಾಲೆಯಲ್ಲಿ ಕೇಳಿದರೆ ಜಾರಿ ಬಿದ್ದೆನೆಂದು ಹೇಳಲು ಕಲಿಸಿದವರೂ ಅವರೇ. ತಾವೂ ಕೆನ್ನೆಗೆ ಬಾರಿಸಿದ್ದುಂಟು, “ಅಪ್ಪ ಬರಲಿ, ಹೇಳ್ತೀನಿ” ಎಂದು ದಿನವಿಡೀ ಹೆದರಿಸಿದ್ದುಂಟು. ಆದರೆ ಅವರ ಭಯವನ್ನು ಅರಿಯದೆ ತೀರ್ಪು ಕೊಡುವುದು ಸರಿಯಲ್ಲ. ಲೈನ್‌ಮನೆ ಕೆಲಸಕ್ಕೆ ಅಂಟಿಕೊಂಡದ್ದು. ಪೊಲೀಸರು ಬಂದು ಗಂಡನ ಕೆಲಸ ಹೋದರೆ ಅದೇ ವಾರ ಮನೆಯೂ ಹೋಗುತ್ತದೆ. ಮುಂಗಡದ ಬಾಕಿ ತಲೆಯ ಮೇಲಿರುತ್ತದೆ. ತವರಿಗೆ ಹೋದರೆ ಮಕ್ಕಳ ಶಾಲೆ ಬಿಡುತ್ತದೆ. ಮಗನಿಗೂ ಈ ಲೆಕ್ಕ ಗೊತ್ತಿತ್ತು. ನಾನು ಮೊದಲ ಸಲ ಅವನೊಂದಿಗೆ ಕೂತಾಗ ಅವನು ಕೇಳಿದ್ದು ಎರಡೇ ಪ್ರಶ್ನೆ: “ಅಪ್ಪನ್ನ ಜೈಲಿಗೆ ಹಾಕ್ತಾರಾ? ನಮ್ಮ ಮನೆ ಬಿಡಿಸ್ತಾರಾ?”

ಕಿವಿ

ವೈದ್ಯಕೀಯ ತಪಾಸಣೆಗೆ ಕರೆದೊಯ್ದದ್ದು ಬೆನ್ನಿನ ಗಾಯಗಳ ದಾಖಲೆಗೆ. ಪ್ರಕರಣದ ಗತಿ ಬದಲಾದದ್ದು ಮಾತ್ರ ಕಿವಿಯಿಂದ. ಎಡಗಡೆಯಿಂದ ಮಾತಾಡಿಸಿದಾಗ ಹುಡುಗ ಇಡೀ ಮುಖ ತಿರುಗಿಸುತ್ತಿದ್ದುದನ್ನು ಗಮನಿಸಿದ ವೈದ್ಯೆ ಕಿವಿ ನೋಡಿದರು. ಎಡಗಿವಿಯ ತಮಟೆಯಲ್ಲಿ ತೂತಿತ್ತು, ಒಳಗೆ ಕೀವಿತ್ತು.

ಅಂಗೈ ಕಿವಿಯನ್ನು ಪೂರ್ತಿ ಮುಚ್ಚುವಂತೆ ಬಿದ್ದಾಗ ಕಿವಿನಾಳದೊಳಗಿನ ಗಾಳಿ ಒಮ್ಮೆಲೇ ಒತ್ತಿ ತಮಟೆ ಹರಿಯುತ್ತದೆ. ಸಣ್ಣ ತೂತುಗಳು ಹೆಚ್ಚಾಗಿ ಕೆಲವು ವಾರಗಳಲ್ಲಿ ತಾವಾಗಿಯೇ ಮುಚ್ಚಿಕೊಳ್ಳುತ್ತವೆ, ಆದರೆ ಅಷ್ಟು ದಿನ ಕಿವಿಗೆ ನೀರು ಹೋಗದಂತೆ ಕಾಯಬೇಕು, ಸೋಂಕು ತಗುಲಿದರೆ ಚಿಕಿತ್ಸೆ ಕೊಡಿಸಬೇಕು. ಇಲ್ಲಿ ಎರಡೂ ಆಗಿರಲಿಲ್ಲ, ಏಕೆಂದರೆ ಪೆಟ್ಟು ಬಿದ್ದದ್ದೇ ಗುಟ್ಟಾಗಿತ್ತು. ಜನವರಿಯಲ್ಲಿ, ಕಿರುಪರೀಕ್ಷೆಯೊಂದರ ಅಂಕ ತಿಳಿದ ಸಂಜೆ, ತಂದೆ ಕಪಾಳಕ್ಕೆ ಹೊಡೆದಿದ್ದರು. ಅಂದು ಕಿವಿಯಲ್ಲಿ ಗುಂಯ್ ಎಂದು ಶುರುವಾದದ್ದು ಬಹಳ ದಿನ ನಿಂತಿರಲಿಲ್ಲವಂತೆ. ತಾಯಿ ಬಿಸಿ ಎಣ್ಣೆ ಬಿಟ್ಟಿದ್ದರು. ತೂತುಬಿದ್ದ ತಮಟೆಗೆ ಎಣ್ಣೆ ಬಿಡುವುದು ಅಪಾಯವೆಂದು ಅವರಿಗೆ ಯಾರು ಹೇಳಬೇಕಿತ್ತು?

ಅಲ್ಲಿಗೆ ಇಡೀ ವರ್ಷದ ಕಥೆ ತಲೆಕೆಳಗಾಯಿತು. ಶಿಕ್ಷಕಿ ಕಂಡ ‘ಗಮನ ಕೊಡದ’ ಹುಡುಗ ಅರ್ಧ ಕೇಳಿಸಿಕೊಳ್ಳುತ್ತಿದ್ದ ಹುಡುಗನಾಗಿದ್ದ. ಅವನ ಉಕ್ತಲೇಖನದ ಪುಸ್ತಕ ತಿರುವಿದೆ. ಪದಗಳ ಕೊನೆಗಳು ಬಿಟ್ಟುಹೋಗಿದ್ದವು, ಕೆಲವೆಡೆ ತುಟಿ ನೋಡಿ ಊಹಿಸಿ ಬರೆದಂಥ ತಪ್ಪುಗಳಿದ್ದವು. ತರಗತಿಯಲ್ಲಿ ಅವನು ಕೂರುತ್ತಿದ್ದದ್ದು ಬಲಬದಿಯ ಗೋಡೆಗೆ ಒತ್ತಿ, ಅಂದರೆ ಶಿಕ್ಷಕಿಯ ಕಡೆಗಿದ್ದದ್ದು ಅವನ ಎಡಗಿವಿ. ಒಂದು ಸಂದೇಶಕ್ಕಾಗಿ ಬಿದ್ದ ಪೆಟ್ಟು ಕಿವಿ ಕೆಡಿಸಿತು, ಕೆಟ್ಟ ಕಿವಿ ಅಂಕ ಇಳಿಸಿತು, ಇಳಿದ ಅಂಕ ಹೊಸ ಸಂದೇಶವಾಗಿ ಮನೆಗೆ ಹೋಯಿತು, ಅದಕ್ಕೆ ಮತ್ತೆ ಪೆಟ್ಟು ಬಿತ್ತು. ಶಾಲಾ ಮಕ್ಕಳ ಆರೋಗ್ಯ ತಪಾಸಣೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ, ಕಿವುಡುತನವೂ ಕಿವಿ ಸೋರುವುದೂ ಅದರ ಪಟ್ಟಿಯಲ್ಲಿವೆ. ಮುಂದಿನ ಚಿಕಿತ್ಸೆಗೆ ನಾವು ಅದನ್ನೇ ಬಳಸಿಕೊಂಡೆವು. ಗಮನವಿಲ್ಲದ ಮಗುವಿನ ಬಗ್ಗೆ ದೂರು ಬರೆಯುವ ಮೊದಲು ಕಿವಿ, ಕಣ್ಣು ತೋರಿಸಬೇಕೆಂಬುದು ಇಷ್ಟು ಸರಳ ವಿಷಯ.

ಸಮಿತಿಯ ಮುಂದೆ

1098ರ ಕರೆಯ ಮರುದಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಮಾಜ ಕಾರ್ಯಕರ್ತೆ ತಾಯಿಯೊಂದಿಗೆ ಬಾಲಕನನ್ನು ಮಡಿಕೇರಿಯಲ್ಲಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿದರು. ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಈ ಸಮಿತಿಗೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ತನ್ನೊಂದಿಗೆ ವಾಸಿಸುವವರಿಂದಲೇ ಗಾಯ, ಹಿಂಸೆ ಅನುಭವಿಸಿದ ಮಗು ಪಾಲನೆ ಮತ್ತು ರಕ್ಷಣೆ ಅಗತ್ಯವಿರುವ ಮಗು ಎಂದು ಬಾಲನ್ಯಾಯ ಕಾಯ್ದೆ ಗುರುತಿಸುತ್ತದೆ. ಹೊಡೆದವರು ಹೆತ್ತವರೆಂಬುದು ಅದಕ್ಕೆ ಅಡ್ಡಿಯಲ್ಲ.

ಕಾನೂನಿನ ಸ್ಥಿತಿಯನ್ನು ಇದ್ದಂತೆಯೇ ಹೇಳಬೇಕು. ಶಾಲೆಯಲ್ಲಿ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ನೇರವಾಗಿ ನಿಷೇಧಿಸಿದೆ. ಮನೆಯಲ್ಲಿ ಹೊಡೆಯುವುದನ್ನು ಅಷ್ಟೇ ನೇರವಾಗಿ ನಿಷೇಧಿಸುವ ಕಾನೂನು ನಮ್ಮಲ್ಲಿಲ್ಲ. ಸ್ವೀಡನ್ 1979ರಲ್ಲಿ, ನೆರೆಯ ನೇಪಾಳ 2018ರಲ್ಲಿ ಅಂಥ ಕಾನೂನು ಮಾಡಿವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 27ನೇ ಕಲಂ, 12 ವರ್ಷದೊಳಗಿನ ಮಗುವಿನ ಒಳಿತಿಗಾಗಿ ಪೋಷಕರು ಸದ್ಭಾವನೆಯಿಂದ ಮಾಡಿದ ಕೃತ್ಯಗಳಿಗೆ ರಕ್ಷಣೆ ಕೊಡುತ್ತದೆ; ಹಿಂದಿನ ದಂಡ ಸಂಹಿತೆಯ 89ನೇ ಕಲಂ ಇದೇ ಆಗಿತ್ತು. ಇನ್ನೊಂದೆಡೆ ಬಾಲನ್ಯಾಯ ಕಾಯ್ದೆಯ 75ನೇ ಕಲಂ, ಮಗುವಿನ ಹೊಣೆ ಹೊತ್ತವರು ಅದಕ್ಕೆ ಅನಗತ್ಯ ಮಾನಸಿಕ ಅಥವಾ ದೈಹಿಕ ಯಾತನೆಯಾಗುವಂತೆ ಹಲ್ಲೆ ಮಾಡಿದರೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಬೆನ್ನ ತುಂಬ ಬಾಸುಂಡೆ, ಹರಿದ ತಮಟೆ ಇವನ್ನು ಒಳಿತಿಗಾಗಿ ಮಾಡಿದ್ದೆನ್ನಲು ನಾನು ಸಿದ್ಧಳಿಲ್ಲ.

ಸಮಿತಿ 75ನೇ ಕಲಂನ ದಾರಿಯನ್ನು ಮುಚ್ಚದೆ, ಸದ್ಯಕ್ಕೆ ಹಿಡಿಯಲೂ ಇಲ್ಲ. ಸಾಮಾಜಿಕ ತನಿಖಾ ವರದಿ ಬರುವವರೆಗೆ ಎರಡು ವಾರ ಹುಡುಗನನ್ನು ಅದೇ ತಾಲ್ಲೂಕಿನಲ್ಲಿರುವ ಸೋದರಮಾವನ ಮನೆಯಲ್ಲಿರಿಸಿ, ಬಳಿಕ ತಂದೆ ತಾಯಿಯಿಂದ ಮುಚ್ಚಳಿಕೆ ಬರೆಸಿಕೊಂಡು, ಮೇಲ್ವಿಚಾರಣೆ ಮತ್ತು ಆಪ್ತಸಮಾಲೋಚನೆಯ ಷರತ್ತಿನ ಮೇಲೆ ಮನೆಗೆ ಕಳುಹಿಸಿತು. ಬಾಲಮಂದಿರವನ್ನು ಯೋಚಿಸಲಿಲ್ಲವೇ ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ಸಂಸ್ಥೆಯಲ್ಲಿರಿಸುವುದು ಕೊನೆಯ ಉಪಾಯವಾಗಿರಬೇಕೆಂದು ಕಾಯ್ದೆಯೇ ಹೇಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಸಮಿತಿ ಬಾಲಕನನ್ನೇ ಒಬ್ಬನನ್ನು ಕೂರಿಸಿ ಕೇಳಿತು. “ಮನೆಗೇ ಹೋಗ್ತೀನಿ. ಆದರೆ ಯಾರಾದರೂ ಬಂದು ನೋಡ್ತಾ ಇರಬೇಕು,” ಎಂದ. ಆದೇಶದ ತಿರುಳು ಆ ಮಾತಿನಲ್ಲೇ ಇತ್ತು.

ನನ್ನ ತಪ್ಪು

ಮೊದಲ ಭೇಟಿಯಲ್ಲಿ ನಾನು ತಂದೆಗೆ ಕಾನೂನು ಹೇಳಿದೆ, ಕಲಂ ಹೇಳಿದೆ, ಶಿಕ್ಷೆಯ ಪ್ರಮಾಣ ಹೇಳಿದೆ. ಅವರು ಎದುರು ಮಾತಾಡಲಿಲ್ಲ. ಮುಂದಿನ ಮೂರು ವಾರ ಒಂದು ಪೆಟ್ಟೂ ಬೀಳಲಿಲ್ಲ. ನಾನು ಕಡತದಲ್ಲಿ ‘ಗಮನಾರ್ಹ ಸುಧಾರಣೆ’ ಎಂದು ಬರೆದೆ.

ಆ ಮೂರು ವಾರ ಮನೆಯಲ್ಲಿ ನಡೆದದ್ದು ಬೇರೆ. ತಂದೆ ಮಗನೊಂದಿಗೆ ಮಾತನ್ನೇ ನಿಲ್ಲಿಸಿದ್ದರು. ಅವನು ಊಟಕ್ಕೆ ಕೂತರೆ ಎದ್ದು ಹೋಗುತ್ತಿದ್ದರು. ಅವನಿಗೆ ಹೇಳಬೇಕಾದ್ದನ್ನು ಮಗಳ ಮೂಲಕ, “ನಿಮ್ಮಣ್ಣ ಸಾಹೇಬರಿಗೆ ಹೇಳು, ಅವರನ್ನ ಮುಟ್ಟೋ ಹಾಗಿಲ್ಲ” ಎಂದು ಹೇಳಿಸುತ್ತಿದ್ದರು. ನನಗಿದು ತಿಳಿದದ್ದು ಶಾಲೆಯಲ್ಲಿ ಹುಡುಗ ಚಿತ್ರ ಬರೆದಾಗ. ಮನೆಯ ಚಿತ್ರದಲ್ಲಿ ಅಪ್ಪ, ಅಮ್ಮ, ತಂಗಿ, ನಾಯಿ ಎಲ್ಲರೂ ಇದ್ದರು, ಅವನಿರಲಿಲ್ಲ. ಕೇಳಿದ್ದಕ್ಕೆ, “ಹೊಡೆದಿದ್ರೇ ಚೆನ್ನಾಗಿತ್ತು ಮೇಡಂ, ಆಗ ನಾನು ಇದ್ದೀನಿ ಅಂತಾದ್ರೂ ಗೊತ್ತಾಗ್ತಿತ್ತು” ಎಂದ.

ನಾನು ಕೈಯನ್ನು ಮಾತ್ರ ಎಣಿಸಿದ್ದೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ, 13 ರಾಜ್ಯಗಳ ಮಕ್ಕಳನ್ನು ಮಾತಾಡಿಸಿ ಮಾಡಿದ ಅಧ್ಯಯನದಲ್ಲಿ ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆಯನ್ನು, ಇಬ್ಬರಲ್ಲಿ ಒಬ್ಬರು ಭಾವನಾತ್ಮಕ ಹಿಂಸೆಯನ್ನು ಅನುಭವಿಸಿದ್ದರು. ಭಾವನಾತ್ಮಕ ಹಿಂಸೆಯ ಪ್ರಕರಣಗಳಲ್ಲಿ ಶೇ. 83ರಷ್ಟರಲ್ಲಿ ಅದನ್ನು ಮಾಡಿದವರು ಹೆತ್ತವರೇ. ಈ ಅಂಕಿಗಳನ್ನು ನಾನು ಎಷ್ಟೋ ತರಬೇತಿಗಳಲ್ಲಿ ಬೋರ್ಡಿನ ಮೇಲೆ ಬರೆದವಳು. ಆದರೂ ನನ್ನ ಭೇಟಿಯ ನಮೂನೆಯಲ್ಲಿ ‘ಹೊಡೆದಿದ್ದಾರೆಯೇ?’ ಎಂಬ ಕಾಲಂ ಇತ್ತು, ‘ಮಾತಾಡಿಸಿದ್ದಾರೆಯೇ?’ ಎಂಬುದು ಇರಲಿಲ್ಲ.

ಚೆಕ್‌ರೋಲ್

ತಂದೆಯ ಮನಸ್ಸು ತೆರೆದದ್ದು ನನ್ನ ಮಾತಿನಿಂದಲ್ಲ, ಕಿವಿಯ ವೈದ್ಯರ ಕೋಣೆಯಲ್ಲಿ. ಎರಡನೆಯ ತಪಾಸಣೆಗೆ ತಾಯಿಯ ಬದಲು ತಂದೆಯೇ ಬರಬೇಕೆಂದು ನಾವು ಹಟ ಹಿಡಿದೆವು. ಶ್ರವಣ ಪರೀಕ್ಷೆಯ ಗೆರೆಯನ್ನು ವೈದ್ಯರು ಬೆರಳಿಟ್ಟು ವಿವರಿಸಿದರು: ಇಷ್ಟು ದನಿಯವರೆಗೆ ಈ ಕಿವಿಗೆ ಏನೂ ಕೇಳುವುದಿಲ್ಲ. ತಂದೆ ಬಹಳ ಹೊತ್ತಿನ ಬಳಿಕ ಕೇಳಿದರು, “ಹಾಗಾದ್ರೆ ನಾನು ಹಿಂದಿನಿಂದ ಕರೆದಾಗ ಇವನು ಓಗೊಡದೆ ಇದ್ದಿದ್ದು ಕೊಬ್ಬಿಗಲ್ವಾ?” ಆ ‘ಕೊಬ್ಬಿ’ಗೆ ಹೊಡೆದ ದಿನಗಳೂ ಇದ್ದವು.

ಅದರ ನಂತರ ಅವರು ತಮ್ಮ ತಂದೆಯ ವಿಷಯ ಹೇಳಿದರು. ಬಾರುಕೋಲಿನಲ್ಲಿ ಹೊಡೆಯುತ್ತಿದ್ದರಂತೆ. “ಹೊಡೆದಿದ್ದಕ್ಕೇ ನಾನು ರೈಟರ್ ಆದೆ ಮೇಡಂ, ಇಲ್ಲದಿದ್ರೆ ಮೂಟೆ ಹೊರ್ತಿದ್ದೆ.” ಈ ನಂಬಿಕೆಯೊಂದಿಗೆ ವಾದಿಸಿ ಗೆಲ್ಲುವುದು ಕಷ್ಟ, ಏಕೆಂದರೆ ಅದರಲ್ಲಿ ತಂದೆಯ ಮೇಲಿನ ಪ್ರೀತಿಯೂ ಸೇರಿಕೊಂಡಿರುತ್ತದೆ. 2016ರಲ್ಲಿ ಸಂಶೋಧಕರಾದ ಎಲಿಜಬೆತ್ ಗೆರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್ ಕೇಲರ್ ಐದು ದಶಕಗಳ ಸಂಶೋಧನೆಯನ್ನು, 1,60,000ಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಒಟ್ಟಿಗೆ ನೋಡಿ, ಬರಿಗೈಯ ಪೆಟ್ಟು ಕೂಡ ಮಕ್ಕಳ ನಡತೆಯನ್ನು ಸುಧಾರಿಸುವುದಿಲ್ಲ, ಬದಲಿಗೆ ಆಕ್ರಮಣಶೀಲತೆ ಮತ್ತು ಮಾನಸಿಕ ತೊಂದರೆಗಳ ಜತೆ ತಳುಕು ಹಾಕಿಕೊಂಡಿದೆ ಎಂದು ತೋರಿಸಿದ್ದಾರೆ. ಅದನ್ನು ನಾನು ಅವರಿಗೆ ಹೇಳಲಿಲ್ಲ. ಬಾರುಕೋಲಿನ ದಿನ ನೀವು ಏನು ಓದಿದ್ದಿರಿ, ನೆನಪಿದೆಯೇ ಎಂದಷ್ಟೇ ಕೇಳಿದೆ. ಕೋಲು ನೆನಪಿತ್ತು, ಪಾಠ ನೆನಪಿರಲಿಲ್ಲ.

ಲೆಕ್ಕ ಬರೆಯುವುದೇ ಅವರ ಕಸುಬಾದ್ದರಿಂದ ನಾವು ಅದನ್ನೇ ಹಿಡಿದೆವು. ತೋಟದ ಹಾಜರಿ ಬರೆಯುವ ಹಳೆಯದೊಂದು ಚೆಕ್‌ರೋಲ್ ಪುಸ್ತಕದಲ್ಲಿ, ಆಳುಗಳ ಹೆಸರಿರಬೇಕಾದ ಕಡೆ, ಅವರೇ ಮೂರು ಸಾಲು ಮಾಡಿದರು: ಕೈ, ಬಾಯಿ, ಮೌನ. ಹೊಡೆದರೆ ಮೊದಲ ಸಾಲಿಗೆ, ಹೀನಾಯವಾಗಿ ಬೈದರೆ ಎರಡನೆಯದಕ್ಕೆ, ಬೇಕೆಂದೇ ಮಾತಾಡಿಸದಿದ್ದರೆ ಮೂರನೆಯದಕ್ಕೆ ಗುರುತು. ತಿಂಗಳ ಕೊನೆಗೆ ಅದನ್ನು ನನ್ನೊಂದಿಗೆ ಕೂತು ಕೂಡುವುದು. ಸೆಪ್ಟೆಂಬರ್‌ನಲ್ಲಿ ಎರಡನೆಯ ಸಾಲಿನಲ್ಲಿ 19 ಗುರುತುಗಳಿದ್ದವು. ಅಷ್ಟು ಬೈಯುತ್ತೇನೆಂದು ತಮಗೇ ಗೊತ್ತಿರಲಿಲ್ಲ ಎಂದರು. ಕೆಲಸದಿಂದ ಬಂದೊಡನೆ ಪುಸ್ತಕ ಕೇಳುವುದನ್ನು ನಿಲ್ಲಿಸಿ ಊಟದ ಬಳಿಕಕ್ಕೆ ಇಟ್ಟುಕೊಂಡರು. ದವಡೆ ಬಿಗಿಯುವುದು ಸಿಟ್ಟಿನ ಮೊದಲ ಗುರುತೆಂದು ಕಂಡುಕೊಂಡು, ಆಗ ಹೊರಗಿನ ನಲ್ಲಿಗೆ ಹೋಗಿ ಮುಖ ತೊಳೆಯುವುದನ್ನು ಅಭ್ಯಾಸ ಮಾಡಿಕೊಂಡರು. ಶಾಲೆ ತನ್ನ ಕಡೆಯಿಂದ ಫೋನ್ ಸಂದೇಶಗಳನ್ನು ನಿಲ್ಲಿಸಿತು. ಹುಡುಗನನ್ನು ಬಲಗಿವಿ ಶಿಕ್ಷಕಿಯ ಕಡೆಗಿರುವಂತೆ ಮುಂದಿನ ಸಾಲಿಗೆ ತಂದಿತು. ಅಂಕಪಟ್ಟಿಯನ್ನು ಪೋಷಕರಿಗೆ ಕೊಡುವಾಗ ಮಗು ಮಾಡಬಲ್ಲದ್ದನ್ನು ಮೊದಲು ಹೇಳುವ ರೂಢಿ ತಂದಿತು. ನವೆಂಬರ್‌ನಲ್ಲಿ ಎರಡನೆಯ ಸಾಲಿನ ಗುರುತುಗಳು ನಾಲ್ಕಕ್ಕೆ ಇಳಿದಿದ್ದವು, ಮೊದಲ ಸಾಲು ಖಾಲಿಯಿತ್ತು.

ಜನವರಿಯಲ್ಲಿ ರೋಬಸ್ಟಾ ಕೊಯ್ಲು ಬಿರುಸಾಗಿದ್ದಾಗ ತೂಕದ ಲೆಕ್ಕ ತಪ್ಪಿತೆಂದು ಮ್ಯಾನೇಜರರಿಂದ ಆಳುಗಳ ಎದುರು ಬೈಸಿಕೊಂಡು ಬಂದ ಸಂಜೆ, ನಲ್ಲಿ ನಿಲ್ಲಿಸದೆ ಬಿಟ್ಟಿದ್ದನೆಂದು ತಂದೆ ಮಗನನ್ನು ದೂಡಿದರು. ಹಣೆ ಬಾಗಿಲ ಚೌಕಟ್ಟಿಗೆ ಬಡಿದು ಎರಡು ಹೊಲಿಗೆ ಬಿದ್ದವು. ವ್ಯತ್ಯಾಸವಿದ್ದದ್ದು ಮುಂದೆ ನಡೆದುದರಲ್ಲಿ. ತಾಯಿ ಮಕ್ಕಳಿಬ್ಬರನ್ನೂ ಕರೆದುಕೊಂಡು ಪಕ್ಕದ ಅಡುಗೆಯಾಕೆಯ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. 1098ಕ್ಕೆ ಫೋನ್ ಮಾಡಿದವರೂ ಅವರೇ. ಆಸ್ಪತ್ರೆಯಲ್ಲಿ ಜಾರಿ ಬಿದ್ದನೆಂದು ಹೇಳಲಿಲ್ಲ. ಸಮಿತಿ ತಂದೆಯನ್ನು ಕಟುವಾಗಿ ಪ್ರಶ್ನಿಸಿ, ಮೇಲ್ವಿಚಾರಣೆಯನ್ನು ವಾರಕ್ಕೊಮ್ಮೆಗೆ ಬಿಗಿಗೊಳಿಸಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರಲ್ಲಿಗೆ ಕಳುಹಿಸಿತು. ತಿಂಗಳುಗಳಿಂದ ನಿದ್ದೆಯಿಲ್ಲದೆ, ಖಿನ್ನತೆಯಿಂದ ಬಳಲುತ್ತಿದ್ದರೆಂದು ಅಲ್ಲಿ ತಿಳಿಯಿತು, ಚಿಕಿತ್ಸೆ ಶುರುವಾಯಿತು. ರಾತ್ರಿ ಹೊತ್ತಿನಲ್ಲಿ ಸಿಟ್ಟು ಏರಿದರೆ ಕರೆಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಚೆಕ್‌ರೋಲಿನ ರಟ್ಟಿನ ಮೇಲೆ ಬರೆದುಕೊಟ್ಟೆ. ಆ ದಿನದ ಗುರುತನ್ನು ಅವರು ಮೊದಲ ಸಾಲಿನಲ್ಲಿ ತಾವೇ ಹಾಕಿದ್ದರು, ಕೆಂಪು ಶಾಯಿಯಲ್ಲಿ.

ಈಗಿನ ಸ್ಥಿತಿ

ಮೇ ತಿಂಗಳ ಹೊತ್ತಿಗೆ ಕಿವಿ ಸೋರುವುದು ನಿಂತಿದೆ, ತೂತು ಮುಚ್ಚಿಲ್ಲ. ಶಸ್ತ್ರಚಿಕಿತ್ಸೆಯ ಸರದಿಗೆ ಕಾಯುತ್ತಿದ್ದಾರೆ. ಜನವರಿಯ ನಂತರ ಮೊದಲ ಸಾಲಿನಲ್ಲಿ ಗುರುತಿಲ್ಲ. ತಂದೆ ಗೂಟದಿಂದ ಕೊಡೆ ತೆಗೆಯಲು ಕೈ ಎತ್ತಿದರೆ ಹುಡುಗ ಈಗಲೂ ತಲೆ ತಗ್ಗಿಸುತ್ತಾನೆ, ತಂದೆ ಅದನ್ನು ನೋಡಿ ಕೈ ಇಳಿಸಿ ಒಂದು ಕ್ಷಣ ನಿಲ್ಲುತ್ತಾರೆ. ಕಣದ ವಿಷಯಕ್ಕೆ ಅವರು ಮಗನ ಕ್ಷಮೆ ಕೇಳಿದ್ದಾರೆ. ಹುಡುಗ ಏನೂ ಉತ್ತರ ಕೊಟ್ಟಿಲ್ಲ, ಕೊಡಬೇಕೆಂದು ನಾವು ಯಾರೂ ಅವನನ್ನು ಒತ್ತಾಯಿಸಿಲ್ಲ.

ಹುಡುಗ 8ನೇ ತರಗತಿಗೆ ಬೇರೆ ಪ್ರೌಢಶಾಲೆ ಸೇರಬೇಕು. ಅಲ್ಲಿನವರಿಗೆ ಏನೂ ತಿಳಿಯದಿದ್ದರೆ ಹಳೆಯ ಸುತ್ತು ಮತ್ತೆ ಶುರುವಾದೀತೆಂಬ ಭಯ ನನಗಿತ್ತು. ಎಲ್ಲವನ್ನೂ ತಿಳಿಸಿದರೆ ಹೊಸ ಶಾಲೆಯಲ್ಲೂ ಅವನು ಹೊಡೆಸಿಕೊಂಡ ಹುಡುಗನಾಗಿಯೇ ಉಳಿಯುತ್ತಾನೆ. ಏನು ಬರೆಯಲಿ ಎಂದು ಅವನನ್ನೇ ಕೇಳಿದೆ. ಅವನು ಸ್ವಲ್ಪ ಯೋಚಿಸಿ ಹೇಳಿದ್ದನ್ನು ಪತ್ರದಲ್ಲಿ ಹಾಗೇ ಬರೆದು ಮುಖ್ಯೋಪಾಧ್ಯಾಯರಿಂದ ಸಹಿ ಮಾಡಿಸಿದೆವು: “ಎಡಗಿವಿ ಸರಿಯಾಗಿ ಕೇಳಿಸುವುದಿಲ್ಲ, ಮುಂದಿನ ಬೆಂಚಿನಲ್ಲಿ ಕೂರಿಸಿ. ಏನಾದರೂ ದೂರಿದ್ದರೆ ಮನೆಗೆ ಹೇಳುವ ಮೊದಲು ನನಗೆ ಹೇಳಿ.” ಕಿವಿ ಹೇಗೆ ಹಾಗಾಯಿತೆಂಬುದನ್ನು ಬರೆಯುವುದು ಬೇಡವೆಂದ. ಅದನ್ನು ಹೇಳಬೇಕೆನಿಸಿದ ದಿನ ತಾನೇ ಹೇಳುತ್ತಾನಂತೆ.